ವಯಸ್ಸಾದ ಮೊಲದ ಎದೆಯಲ್ಲಿ ಗಡ್ಡೆ: ಉಸಿರಿಗೆ ಜಾಗ ಉಳಿಸುವ ಕೆಲಸ

ನಮ್ಮ ಗುಂಡನ ಕಣ್ಣು ದೊಡ್ಡದಾಗಿದೆ ಎಂದು ಮೊದಲು ಹೇಳಿದ್ದು ಅಮ್ಮ. "ಏನೋ ಇದು, ಗುಡ್ಡೆ ಹೊರಗೆ ಬಂದ ಹಾಗಿದೆಯಲ್ಲ" ಎಂದರು. ನಾನು ನಕ್ಕೆ. ಏಳು ವರ್ಷದ ಮೊಲ, ಸೊಪ್ಪಿನ ಬಟ್ಟಲು ಕಂಡರೆ ಕಣ್ಣರಳಿಸುವುದು ಅದರ ಹಳೇ ಚಾಳಿ. ಒಂದು ವಾರವಾದ ಮೇಲೆ ನನ್ನ ಕಣ್ಣಿಗೂ ಬಿತ್ತು. ತಲೆ ತಗ್ಗಿಸಿ ಹುಲ್ಲು ತಿನ್ನುವಾಗ ಎರಡೂ ಕಣ್ಣು ಉಬ್ಬುತ್ತಿದ್ದವು. ತಲೆ ಎತ್ತಿ ಕೂತರೆ ಸ್ವಲ್ಪ ಹೊತ್ತಿನಲ್ಲಿ ಮೊದಲಿನಂತಾಗುತ್ತಿದ್ದವು. ಮೊದಲು ತೋರಿಸಿದ ಡಾಕ್ಟರು ಕಣ್ಣಿಗೆ ಡ್ರಾಪ್ಸ್ ಕೊಟ್ಟರು. ನಾನೂ ಅದು ಕಣ್ಣಿನ ಸೋಂಕೇ ಎಂದು ಪಟ್ಟು ಹಿಡಿದಿದ್ದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಹಾಗೆ. ಎರಡನೇ ಡಾಕ್ಟರು ಒಂದು ಕ್ಷಣ ನೋಡಿ, "ಎದೆಯ ಎಕ್ಸ್‌ರೇ ತೆಗೆಸೋಣ" ಎಂದರು.

ಕಣ್ಣಿಗೂ ಎದೆಗೂ ಏನು ಸಂಬಂಧ? ಅಲ್ಲಿಂದಲೇ ಶುರು ಮಾಡುತ್ತೇನೆ. ಅದು ಅರ್ಥವಾದರೆ ಮನೆಯಲ್ಲಿ ಮಾಡಬೇಕಾದ ಮುಕ್ಕಾಲು ಕೆಲಸ ತಾನಾಗಿಯೇ ಅರ್ಥವಾಗುತ್ತದೆ.

ಎದೆ ಎಂಬ ಚಿಕ್ಕ ಕೋಣೆ

ಮೊಲದ ಮೈಯಲ್ಲಿ ಹೊಟ್ಟೆಯೇ ಜಾಸ್ತಿ. ದಿನವಿಡೀ ಹುಲ್ಲು ಅರೆದು ಬದುಕುವ ಪ್ರಾಣಿ, ಅದಕ್ಕೆ ದೊಡ್ಡ ಕಾರ್ಖಾನೆ ಬೇಕು. ಎದೆಗೂಡು ಮಾತ್ರ ಮೈಗೆ ಹೋಲಿಸಿದರೆ ತೀರಾ ಚಿಕ್ಕದು. ಅಷ್ಟು ಜಾಗದಲ್ಲಿ ಹೃದಯ, ಎರಡು ಶ್ವಾಸಕೋಶ, ಗಾಳಿ ಕೊಳವೆ, ಅನ್ನನಾಳ, ದೊಡ್ಡ ದೊಡ್ಡ ರಕ್ತನಾಳಗಳು ಒತ್ತಿಕೊಂಡು ಕೂತಿರುತ್ತವೆ. ಹೃದಯದ ಮುಂದುಗಡೆ, ಕುತ್ತಿಗೆಯ ಕಡೆಗೆ, ಥೈಮಸ್ ಎನ್ನುವ ಗ್ರಂಥಿ ಇದೆ. ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು ತರಬೇತಿ ಪಡೆಯುವ ಜಾಗ ಅದು. ನಮ್ಮಲ್ಲಿ ಹರೆಯ ಕಳೆಯುತ್ತಿದ್ದಂತೆ ಈ ಗ್ರಂಥಿ ಕರಗುತ್ತಾ ಹೋಗುತ್ತದೆ. ಮೊಲದಲ್ಲಿ ಹಾಗಲ್ಲ, ಮುದಿಯಾದರೂ ಉಳಿದಿರುತ್ತದೆ. ವಯಸ್ಸಾದ ಮೊಲದ ಎದೆಯ ಮುಂಭಾಗದಲ್ಲಿ ಗಡ್ಡೆ ಕಂಡರೆ ಅದು ಹೆಚ್ಚಾಗಿ ಈ ಥೈಮಸ್ಸಿನದೇ. ಥೈಮೋಮ ಎಂದು ಅದರ ಹೆಸರು.

ಥೈಮೋಮ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಮೈಯ ಬೇರೆ ಕಡೆಗೆ ಹರಡುವುದು ಅಪರೂಪ. ಹಾಗಾದರೆ ಇಷ್ಟೊಂದು ಕಾಟ ಯಾಕೆ? ಜಾಗದ ಸಮಸ್ಯೆ, ಅಷ್ಟೇ. ಒಂದು ಮಂಚ, ಒಂದು ಬೀರು ಇಡುವಷ್ಟೇ ಇರುವ ಕೋಣೆಗೆ ಅಕ್ಕಿ ಮೂಟೆ ತಂದಿಟ್ಟ ಹಾಗೆ. ಮೂಟೆ ಯಾರಿಗೂ ಏನೂ ಮಾಡುವುದಿಲ್ಲ, ಆದರೆ ಬಾಗಿಲು ತೆಗೆಯಲು ಆಗುವುದಿಲ್ಲ. ಗಡ್ಡೆ ಶ್ವಾಸಕೋಶವನ್ನು ಹಿಂದಕ್ಕೆ ನೂಕುತ್ತದೆ, ಗಾಳಿ ಕೊಳವೆಯನ್ನು ಮೇಲಕ್ಕೆ ಎತ್ತುತ್ತದೆ. ತಲೆಯಿಂದ ಹೃದಯಕ್ಕೆ ರಕ್ತ ವಾಪಸ್ ತರುವ ದೊಡ್ಡ ಸಿರೆಗಳನ್ನು ಒತ್ತುತ್ತದೆ.

ಕಣ್ಣಿನ ಗುಟ್ಟು ಈ ಸಿರೆಗಳಲ್ಲಿದೆ. ಮೊಲದ ಕಣ್ಣುಗುಡ್ಡೆಯ ಹಿಂದೆ ರಕ್ತ ತುಂಬಿಕೊಳ್ಳುವ ದೊಡ್ಡ ಪೊಳ್ಳು ಇದೆ. ಕೆಳಗೆ ದಾರಿ ಕಟ್ಟಿದರೆ ಮೇಲೆ ರಕ್ತ ನಿಲ್ಲುತ್ತದೆ, ಆ ಪೊಳ್ಳು ಉಬ್ಬುತ್ತದೆ, ಗುಡ್ಡೆ ಮುಂದಕ್ಕೆ ಬರುತ್ತದೆ. ತಲೆ ತಗ್ಗಿಸಿದಾಗ, ಗಾಬರಿಯಾದಾಗ, ಎತ್ತಿಕೊಂಡಾಗ ಇನ್ನೂ ಜಾಸ್ತಿ. ಕೆಲವು ಮೊಲಗಳಲ್ಲಿ ಕಣ್ಣಿನ ಮೂಲೆಯ ಮೂರನೇ ರೆಪ್ಪೆಯೂ ಹೊರಗೆ ಕಾಣುತ್ತದೆ.

ಇಲ್ಲೊಂದು ವಿಷಯ ನೆನಪಿಡಬೇಕು. ಒಂದೇ ಕಣ್ಣು ಉಬ್ಬಿದ್ದರೆ ಹೆಚ್ಚಾಗಿ ಅದು ಹಲ್ಲಿನ ಬೇರಿನ ಕೀವು, ಗುಡ್ಡೆಯ ಹಿಂದೆ ಸೇರಿಕೊಂಡಿರುತ್ತದೆ. ಎರಡೂ ಕಣ್ಣು ಒಟ್ಟಿಗೆ, ತಲೆ ತಗ್ಗಿಸಿದಾಗ ಉಬ್ಬಿ ಎತ್ತಿದಾಗ ಇಳಿದರೆ ಎದೆಯನ್ನು ನೋಡಬೇಕು.

ಬೇರೆ ಲಕ್ಷಣಗಳೂ ಇವೆ. ಮೊದಲು ಮಂಚದ ಕೆಳಗಿಂದ ಅಡುಗೆಮನೆಗೆ ಒಂದೇ ಓಟ ಓಡುತ್ತಿದ್ದದ್ದು ಅರ್ಧ ದಾರಿಯಲ್ಲಿ ಕೂರುತ್ತದೆ. ಮೂಗಿನ ಹೊಳ್ಳೆ ಅಗಲವಾಗುತ್ತದೆ. ಕುತ್ತಿಗೆ, ಮುಖ ಊದಿದಂತೆ ಕಾಣಬಹುದು. ಚರ್ಮ ಹೊಟ್ಟಿನಂತೆ ಸುಲಿದು ರೋಮ ಉದುರುವುದೂ ಉಂಟು. ತುರಿಕೆ ಇಲ್ಲದೆ, ಹುಳು ಇಲ್ಲದೆ, ಮೈಯೆಲ್ಲ ಬಿಳಿ ಹೊಟ್ಟು ಎದ್ದ ಮುದಿ ಮೊಲಕ್ಕೆ ಎಷ್ಟು ಮುಲಾಮು ಹಚ್ಚಿದರೂ ಹೋಗದಿದ್ದರೆ, ಅನುಭವ ಇರುವ ಡಾಕ್ಟರು ಎದೆಯ ಕಡೆ ಯೋಚನೆ ಮಾಡುತ್ತಾರೆ.

ಗಡ್ಡೆ ಯಾವುದು ಅಂತ ತಿಳಿಯುವುದು

ಎದೆಯಲ್ಲಿ ಗಡ್ಡೆ ಎಂದ ಕೂಡಲೇ ಎಲ್ಲವೂ ಥೈಮೋಮ ಅಲ್ಲ. ಲಿಂಫೋಮ ಎನ್ನುವ ರಕ್ತಕಣಗಳ ಕ್ಯಾನ್ಸರ್ ಇರಬಹುದು. ಕೀವಿನ ಗಡ್ಡೆ ಇರಬಹುದು. ಇನ್ನೊಂದು ಸಾಧ್ಯತೆ ನಮ್ಮ ಕಡೆ ತುಂಬಾ ಮುಖ್ಯ: ಹೆಣ್ಣು ಮೊಲದ ಗರ್ಭಕೋಶದ ಕ್ಯಾನ್ಸರ್. ಗರ್ಭಕೋಶ ತೆಗೆಸದ ಹೆಣ್ಣು ಮೊಲಗಳಲ್ಲಿ ನಾಲ್ಕು ವರ್ಷ ದಾಟಿದ ಮೇಲೆ ಇದು ಬಹಳ ಸಾಮಾನ್ಯ, ಮತ್ತು ಇದು ಶ್ವಾಸಕೋಶಕ್ಕೆ ಹರಡುತ್ತದೆ. ನಮ್ಮಲ್ಲಿ ನಾಯಿಗೆ ಆಪರೇಷನ್ ಮಾಡಿಸುವವರೂ ಮೊಲಕ್ಕೆ ಮಾಡಿಸುವುದು ಕಡಿಮೆ. ಹಾಗಾಗಿ ನಿಮ್ಮದು ಆಪರೇಷನ್ ಆಗದ ಹೆಣ್ಣು ಮೊಲವಾದರೆ, ಮೂತ್ರದಲ್ಲಿ ರಕ್ತ ಕಂಡಿತ್ತಾ ಎಂದು ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ಎಕ್ಸ್‌ರೇಯಲ್ಲಿ ಎರಡರ ಚಿತ್ರ ಬೇರೆ. ಥೈಮೋಮ ಹೃದಯದ ಮುಂದೆ ಒಂದೇ ಮುದ್ದೆಯಾಗಿ ಕಾಣುತ್ತದೆ. ಹರಡಿದ ಕ್ಯಾನ್ಸರ್ ಶ್ವಾಸಕೋಶದ ತುಂಬ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಮುಂದಿನ ದಾರಿಯೂ ಬೇರೆ ಬೇರೆಯೇ.

ಎಕ್ಸ್‌ರೇ ತೆಗೆಸುವಾಗ ಒಂದು ಮಾತು ಕೇಳಿ: "ಅಂಗಾತ ಮಲಗಿಸದೆ ತೆಗೆಯಬಹುದಾ?" ಎದೆಯಲ್ಲಿ ಗಡ್ಡೆ ಇರುವ ಮೊಲವನ್ನು ಬೆನ್ನ ಮೇಲೆ ಮಲಗಿಸಿದರೆ ಗಡ್ಡೆಯ ಭಾರ, ಹೊಟ್ಟೆಯ ಭಾರ ಎರಡೂ ಉಸಿರಿನ ಮೇಲೆ ಬೀಳುತ್ತದೆ. ಹೊಟ್ಟೆ ನೆಲಕ್ಕೆ ತಾಗುವಂತೆ ಕೂರಿಸಿ ಅಥವಾ ಪಕ್ಕಕ್ಕೆ ಮಲಗಿಸಿ ತೆಗೆಯಬಹುದು. ಒಳ್ಳೆ ಡಾಕ್ಟರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ ಸ್ಕ್ಯಾನಿಂಗ್. ಗಡ್ಡೆ ಎದೆಗೋಡೆಗೆ ಅಂಟಿಕೊಂಡಿದ್ದರೆ ಸ್ಕ್ಯಾನಿಂಗ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಒಳಗೆ ನೀರು ತುಂಬಿದ ಚೀಲಗಳಿದ್ದರೂ ಗೊತ್ತಾಗುತ್ತದೆ. ಅದನ್ನು ನೋಡಿಕೊಂಡೇ ಸಣ್ಣ ಸೂಜಿ ಹಾಕಿ ಸ್ವಲ್ಪ ಕಣಗಳನ್ನು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಥೈಮೋಮದಲ್ಲೂ ಬಿಳಿ ರಕ್ತಕಣಗಳು ತುಂಬಿರುವುದರಿಂದ ಲಿಂಫೋಮದಿಂದ ಬೇರೆ ಮಾಡುವುದು ಕೆಲವೊಮ್ಮೆ ಕಷ್ಟ. ರಿಪೋರ್ಟಿನಲ್ಲಿ "ಖಚಿತವಾಗಿಲ್ಲ" ಎಂದು ಬಂದರೆ ಲ್ಯಾಬಿನವರ ಮೇಲೆ ಕೋಪ ಬೇಡ.

ಚಿಕಿತ್ಸೆ: ಏನಿದೆ, ಎಷ್ಟು ಸಿಗುತ್ತದೆ

ಎದೆ ತೆರೆದು ಗಡ್ಡೆ ತೆಗೆಯುವ ಆಪರೇಷನ್ ಇದೆ. ಮಾಡಿ ಗೆದ್ದವರೂ ಇದ್ದಾರೆ. ಆದರೆ ಅಪಾಯ ದೊಡ್ಡದು. ಮೊಲಕ್ಕೆ ಅರಿವಳಿಕೆ ಕೊಡುವುದೇ ನಾಯಿ ಬೆಕ್ಕಿಗಿಂತ ಸೂಕ್ಷ್ಮ. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ. 0.17, ಬೆಕ್ಕುಗಳಲ್ಲಿ ಶೇ. 0.24, ಮೊಲಗಳಲ್ಲಿ ಶೇ. 1.39 ಇತ್ತು. ಮೊದಲೇ ಕಾಯಿಲೆ ಇದ್ದ ಮೊಲಗಳಲ್ಲಿ ಶೇ. 7.37. ಇದು ಎಲ್ಲ ಬಗೆಯ ಆಪರೇಷನ್ ಸೇರಿ. ಎದೆ ತೆರೆಯುವುದು ಅದಕ್ಕಿಂತ ಎಷ್ಟೋ ಭಾರದ ಕೆಲಸ.

ಎರಡನೆಯದು ರೇಡಿಯೇಷನ್. ಥೈಮೋಮ ಇದಕ್ಕೆ ಚೆನ್ನಾಗಿ ಬಗ್ಗುತ್ತದೆ. ಹೀಗೆ ಚಿಕಿತ್ಸೆ ಪಡೆದ 19 ಮೊಲಗಳ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಬದುಕಿದ ದಿನಗಳ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿ ನಡುವಿನ ಮೊಲವನ್ನು ನೋಡಿದರೆ ಅದು 313 ದಿನ ಬದುಕಿತ್ತು. ಮೊದಲ ಎರಡು ವಾರದೊಳಗೆ ಸತ್ತ ಮೂರನ್ನು ಬಿಟ್ಟು ಲೆಕ್ಕ ಹಾಕಿದರೆ 727 ದಿನ. ಅಂದರೆ ಆರಂಭದ ಆ ಎರಡು ವಾರ ದಾಟಿದ ಮೊಲಗಳಿಗೆ ಎರಡು ವರ್ಷದ ಹತ್ತಿರ ಸಿಕ್ಕಿತು. ಮುದಿ ಮೊಲಕ್ಕೆ ಎರಡು ವರ್ಷ ಎಂದರೆ ಕಡಿಮೆಯೇನಲ್ಲ. ಕಷ್ಟ ಏನೆಂದರೆ ಪ್ರತಿ ಸಲವೂ ಅರಿವಳಿಕೆ ಬೇಕು, ಯಂತ್ರ ಬೇಕು, ಮೊಲ ಗೊತ್ತಿರುವ ತಂಡ ಬೇಕು. ಅಮೆರಿಕ, ಬ್ರಿಟನ್ ಕಡೆ ಇರುವ ಕನ್ನಡಿಗರಿಗೆ ಇದು ಕೇಳಿ ನೋಡಬಹುದಾದ ದಾರಿ. ಊರಲ್ಲಿರುವ ನಮ್ಮಂಥವರಿಗೆ ಸದ್ಯಕ್ಕೆ ಕೈಗೆಟುಕುವುದು ಕಷ್ಟ.

ಉಳಿದದ್ದು ಔಷಧ. ಪ್ರೆಡ್ನಿಸೋಲೋನ್ ಎನ್ನುವ ಸ್ಟೀರಾಯ್ಡ್ ಕೊಡುತ್ತಾರೆ. ಗಡ್ಡೆಯಲ್ಲಿರುವ ಬಿಳಿ ರಕ್ತಕಣಗಳ ಭಾಗವನ್ನು ಅದು ಕುಗ್ಗಿಸುತ್ತದೆ. ಕೆಲವು ಮೊಲಗಳಿಗೆ ಒಳ್ಳೆ ತಿಂಗಳುಗಳು ಸಿಗುತ್ತವೆ, ಕೆಲವಕ್ಕೆ ಅಷ್ಟೇನೂ ಫಲ ಇಲ್ಲ. ಆದರೆ ಮೊಲ ಸ್ಟೀರಾಯ್ಡಿಗೆ ತುಂಬಾ ಸೂಕ್ಷ್ಮ. ರೋಗನಿರೋಧಕ ಶಕ್ತಿ ಇಳಿಯುತ್ತದೆ. ಮೂಗಿನಲ್ಲಿ ಸುಮ್ಮನೆ ಕೂತಿದ್ದ ಪಾಶ್ಚುರೆಲ್ಲಾ ಸೋಂಕು ಮತ್ತೆ ಎದ್ದು ಸೀನು, ಸಿಂಬಳ ಶುರುವಾಗಬಹುದು. ನೀರು ಜಾಸ್ತಿ ಕುಡಿದು ಮೂತ್ರವೂ ಜಾಸ್ತಿಯಾಗುತ್ತದೆ. ಹಾಗಾಗಿ ಮೂರು ಎಚ್ಚರ. ಔಷಧವನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು, ಡಾಕ್ಟರು ಹೇಳಿದಂತೆ ಇಳಿಸುತ್ತಾ ಬರಬೇಕು. ಗಂಟುನೋವಿಗೆ ಮೊದಲಿಂದ ಮೆಲಾಕ್ಸಿಕಾಮ್ ಕೊಡುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು, ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗುವ ಅಪಾಯ. ಸೀನು ಬಂತೆಂದು ಮನೆಯ ಮಾತ್ರೆ ಡಬ್ಬಿಯಿಂದ ಆಂಟಿಬಯಾಟಿಕ್ ತೆಗೆಯಲೇಬಾರದು. ನಮಗೆ ಸಾಮಾನ್ಯವಾಗಿ ಬರೆಯುವ ಅಮಾಕ್ಸಿಸಿಲಿನ್ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ವಿಷ ಕಾರಿ, ಮೊಲವೇ ಹೋಗಬಹುದು.

ಗಡ್ಡೆಯೊಳಗೆ ನೀರಿನ ಚೀಲ ಇದ್ದರೆ ಸೂಜಿ ಹಾಕಿ ನೀರು ತೆಗೆಯುವುದೂ ಒಂದು ದಾರಿ. ಮತ್ತೆ ತುಂಬಿಕೊಳ್ಳುತ್ತದೆ, ನಿಜ. ಆದರೆ ತೆಗೆದ ದಿನವೇ ಉಸಿರು ಹಗುರಾಗುವುದನ್ನು ಕಣ್ಣಾರೆ ನೋಡಬಹುದು. ನಾನು ಇದನ್ನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ.

ಏನೂ ಮಾಡದೆ ಬರೀ ಆರಾಮಾಗಿ ನೋಡಿಕೊಳ್ಳುತ್ತೇವೆ ಎನ್ನುವುದೂ ಒಂದು ನಿರ್ಧಾರ. ನಮ್ಮ ನೆಂಟರೊಬ್ಬರು, "ಮೊಲಕ್ಕೆ ಕ್ಯಾನ್ಸರಾ? ಇನ್ನೊಂದು ತಗೊಂಡ್ರಾಯ್ತಪ್ಪ" ಎಂದರು. ಅಂಥವರಿಗೆ ಕಾಫಿ ಕೊಟ್ಟು ಕಳಿಸಿ.

ಮನೆಯ ಕೆಲಸ: ಮೊದಲು ಉಸಿರು ಎಣಿಸುವುದು

ಗಡ್ಡೆಯನ್ನು ನೀವು ಕುಗ್ಗಿಸಲಾರಿರಿ. ಆದರೆ ಎದೆಯೊಳಗೆ ಉಳಿದಿರುವ ಜಾಗವನ್ನು ಬೇರೆ ಯಾವುದೂ ಕಬಳಿಸದಂತೆ ನೋಡಿಕೊಳ್ಳಬಹುದು. ಉಸಿರು ಜಾಸ್ತಿ ಬೇಕಾಗುವ ಸಂದರ್ಭವನ್ನೂ ಕಡಿಮೆ ಮಾಡಬಹುದು. ಮನೆಯಲ್ಲಿ ಮಾಡುವುದೆಲ್ಲ ಈ ಎರಡರಲ್ಲೇ ಬರುತ್ತದೆ.

ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೊಲ ಆರಾಮಾಗಿ ಕೂತಿರುವಾಗ, ಮುಟ್ಟದೆ, ದೂರದಿಂದ ಅದರ ಪಕ್ಕೆಯನ್ನು ನೋಡಿ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಮೂಗನ್ನು ನೋಡಿ ಎಣಿಸಬೇಡಿ. ಮೂಗು ಅಲ್ಲಾಡಿಸುವುದು ವಾಸನೆ ಹಿಡಿಯಲು, ಉಸಿರಿನ ಲೆಕ್ಕಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಆರೋಗ್ಯವಾಗಿರುವ ಮೊಲ ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತದೆ. ಆದರೆ ಆ ಅಂಕಿಗಿಂತ ನಿಮ್ಮ ಮೊಲದ ನಿನ್ನೆಯ ಅಂಕಿ ಮುಖ್ಯ. ದಿನಾ ಒಂದೇ ಹೊತ್ತಿಗೆ ಎಣಿಸಿ. ಗುಂಡನದು 52ರ ಆಸುಪಾಸಿನಲ್ಲಿ ಇರುತ್ತಿತ್ತು. ಒಂದು ವಾರದಲ್ಲಿ 58, 64, 70 ಎಂದು ಏರಿದಾಗ ನಾವು ಡಾಕ್ಟರಿಗೆ ಫೋನ್ ಮಾಡಿದೆವು. "ಯಾಕೋ ಸಪ್ಪಗಿದೆ" ಎನ್ನುವುದಕ್ಕಿಂತ ಈ ನಾಲ್ಕು ಅಂಕಿ ಅವರಿಗೆ ಎಷ್ಟೋ ಉಪಯೋಗಕ್ಕೆ ಬಂತು.

ಅಂಕಿಯ ಜೊತೆಗೆ ಭಂಗಿ ನೋಡಿ. ಕುತ್ತಿಗೆ ಉದ್ದ ಮಾಡಿ, ಮೂಗು ಮೇಲೆತ್ತಿ, ಮುಂಗಾಲಿನ ಮೊಣಕೈ ಹೊರಗೆ ಚಾಚಿ ಕೂತಿದ್ದರೆ ಅದು ಗಾಳಿಗಾಗಿ ಕಷ್ಟಪಡುತ್ತಿದೆ. ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಬಾಯಿ ತೆರೆದು ಉಸಿರಾಡಿದರೆ, ತುಟಿ ಅಥವಾ ವಸಡು ನೀಲಿಯಾದರೆ, ಆ ರಾತ್ರಿಯೇ ಡಾಕ್ಟರ ಹತ್ತಿರ ಹೋಗಬೇಕು. ಬೆಳಿಗ್ಗೆ ನೋಡೋಣ ಎನ್ನುವಂತಿಲ್ಲ.

ಇನ್ನೊಂದು ಸಣ್ಣ ಉಪಾಯ. ತಲೆ ತಗ್ಗಿಸಿದಾಗ ರಕ್ತ ನಿಂತು ಕಣ್ಣು ಉಬ್ಬುತ್ತದೆ ಎಂದಾಯಿತಲ್ಲ? ಹಾಗಾದರೆ ತಲೆ ತಗ್ಗಿಸುವ ಕೆಲಸವನ್ನೇ ಕಡಿಮೆ ಮಾಡಿ. ಹುಲ್ಲನ್ನು ನೆಲದಲ್ಲಿ ಹರಡದೆ ಬಾಯಿಯ ಮಟ್ಟಕ್ಕೆ ಬರುವ ಬುಟ್ಟಿಯಲ್ಲಿ ಇಡಿ. ನೀರಿನ ಬಟ್ಟಲಿನ ಕೆಳಗೆ ಒಂದು ಇಟ್ಟಿಗೆ. ಮಲಗುವ ಜಾಗದಲ್ಲಿ ಗಲ್ಲ ಒರಗಿಸಲು ಸುತ್ತಿದ ಟವೆಲ್. ಗುಂಡ ಟವೆಲನ್ನು ಮೊದಲ ದಿನ ಎಳೆದು ಬಿಸಾಡಿದ, ಮೂರನೇ ದಿನದಿಂದ ಅದರ ಮೇಲೇ ಗಲ್ಲ ಇಟ್ಟು ನಿದ್ದೆ. ಕಣ್ಣು ಉಬ್ಬಿ ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣು ಒಣಗಿ ಹುಣ್ಣಾಗುತ್ತದೆ, ಅದಕ್ಕೆ ತೇವದ ಡ್ರಾಪ್ಸ್ ಅಥವಾ ಜೆಲ್ ಕೇಳಿ. ಮೊದಲ ಡಾಕ್ಟರ ಡ್ರಾಪ್ಸಿಗೆ ನಾನು ಆಮೇಲೆ ಅಷ್ಟು ಬೈದುಕೊಳ್ಳಲಿಲ್ಲ.

ಹೊಟ್ಟೆ ಕೆಟ್ಟರೆ ಎದೆ ಕೆಡುತ್ತದೆ

ಇದು ನನಗೆ ತಡವಾಗಿ ಅರ್ಥವಾದ ವಿಷಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸುಮ್ಮನೆ ಕೂತ ಮೊಲ ಪಕ್ಕೆಲುಬು ಅರಳಿಸಿ ಉಸಿರಾಡುವುದು ಕಡಿಮೆ. ಎದೆಗೂ ಹೊಟ್ಟೆಗೂ ನಡುವಿನ ವಪೆ ಎನ್ನುವ ಪರದೆ ಕೆಳಗಿಳಿದರೆ ಗಾಳಿ ಒಳಗೆ ಬರುತ್ತದೆ. ಈಗ ಹೊಟ್ಟೆಯಲ್ಲಿ ಗ್ಯಾಸ್ ತುಂಬಿತು ಎಂದುಕೊಳ್ಳಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆ ಬಲೂನಿನಂತೆ ಉಬ್ಬಿ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಮುಂದಿನಿಂದ ಗಡ್ಡೆ, ಹಿಂದಿನಿಂದ ಹೊಟ್ಟೆ. ನಡುವೆ ಸಿಕ್ಕಿಕೊಂಡ ಶ್ವಾಸಕೋಶಕ್ಕೆ ಎಲ್ಲಿ ಜಾಗ?

ಅದಕ್ಕೇ ಎದೆಯಲ್ಲಿ ಗಡ್ಡೆ ಇರುವ ಮೊಲದ ಆರೈಕೆ ಅರ್ಧಕ್ಕರ್ಧ ಹುಲ್ಲಿನ ಆರೈಕೆ. ಕರುಳು ನಡೆಯುತ್ತಿರಬೇಕೆಂದರೆ ನಾರು ಬೇಕು, ನಾರು ಬೇಕೆಂದರೆ ಹುಲ್ಲು. ಟಿಮೊಥಿ ಒಣಹುಲ್ಲು ಸಿಕ್ಕರೆ ಒಳ್ಳೆಯದು. ಔಷಧ ಹೊಡೆಯದ ಜಾಗದ ಗರಿಕೆ ಇನ್ನೂ ಒಳ್ಳೆಯದು, ಗಣಪತಿಗೂ ಆಯಿತು ಮೊಲಕ್ಕೂ ಆಯಿತು. ಮಳೆಗಾಲದಲ್ಲಿ ಒದ್ದೆ ಹುಲ್ಲನ್ನು ನೆರಳಲ್ಲಿ ಆರಿಸಿ ಕೊಡಿ. ಕೊತ್ತಂಬರಿ, ಪುದೀನ ಸ್ವಲ್ಪ ಸ್ವಲ್ಪ. ಬಾಳೆಹಣ್ಣು, ಬಿಸ್ಕತ್ತು, ಬ್ರೆಡ್ಡು ಬೇಡ. "ಪಾಪ, ಕಾಯಿಲೆ ಮೊಲ" ಎಂದು ಮನೆಮಂದಿಯೆಲ್ಲ ಒಂದೊಂದು ತುಂಡು ಕೊಡುತ್ತಾರೆ, ಸಂಜೆಗೆ ಗ್ಯಾಸ್ ಶುರು. ಕೋಸಿನ ಎಲೆಯನ್ನು ಇದ್ದಕ್ಕಿದ್ದಂತೆ ರಾಶಿ ಹಾಕಿದರೂ ಅದೇ ಕಥೆ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಜಾಸ್ತಿ. ದೊಡ್ಡ ಮೊಲಕ್ಕೆ ದಿನಾ ಬೇಡ, ಆದರೆ ತೂಕ ತೀರಾ ಇಳಿದು ಎಲುಬು ಕೈಗೆ ಸಿಗುತ್ತಿದ್ದರೆ ಡಾಕ್ಟರು ಸ್ವಲ್ಪ ಕೊಡಿ ಎನ್ನಬಹುದು. ದಪ್ಪ ಇರುವ ಮೊಲದ ಎದೆಯೊಳಗೂ ಕೊಬ್ಬು ಕೂತು ಜಾಗ ತಿನ್ನುತ್ತದೆ, ಅದನ್ನೂ ಮರೆಯಬೇಡಿ.

ಹಿಕ್ಕೆಯನ್ನು ದಿನಾ ನೋಡಿ. ದುಂಡಗೆ, ಒಂದೇ ಅಳತೆ, ಒಣ ಹುಲ್ಲಿನ ಬಣ್ಣ ಇದ್ದರೆ ಚಿಂತೆ ಇಲ್ಲ. ಸಣ್ಣದಾಗುತ್ತಾ, ಆಕಾರ ಕೆಡುತ್ತಾ ಹೋದರೆ ಅದು ಮೊದಲ ಸೂಚನೆ. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ತುರ್ತು ಎಂದೇ ತಿಳಿಯಿರಿ. ಉಸಿರಿನ ತೊಂದರೆ ಇರುವ ಮೊಲ ಊಟ ಬಿಡಲು ಕಾರಣವೂ ಸರಳ: ಅಗಿಯುತ್ತಾ ಅಗಿಯುತ್ತಾ ಉಸಿರಾಡಲು ಅದಕ್ಕೆ ಆಗುತ್ತಿಲ್ಲ.

ಆಗ ಸಿರಿಂಜಿನಲ್ಲಿ ತಿನ್ನಿಸಬೇಕಾಗುತ್ತದೆ. ಮೊಲಕ್ಕೆಂದೇ ಸಿಗುವ ಹುಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ, ಅದು ಸಿಗದಿದ್ದರೆ ಮೊಲ ತಿನ್ನುವ ಪೆಲೆಟ್ಟನ್ನೇ (ಗುಳಿಗೆಯಂಥ ಒಣ ಆಹಾರ) ನೆನೆಸಿ ನುಣ್ಣಗೆ ಮಾಡಿ. ಮೊಲ ನಾಲ್ಕು ಕಾಲಿನ ಮೇಲೆ ಸಹಜವಾಗಿ ಕೂತಿರಲಿ. ಬಾಯಿಯ ಪಕ್ಕದಿಂದ, ಮುಂದಿನ ಹಲ್ಲಿನ ಹಿಂದಿರುವ ಖಾಲಿ ಜಾಗಕ್ಕೆ, ಅರ್ಧ ಎಂಎಲ್, ಒಂದು ಎಂಎಲ್. ಅಗಿದು ನುಂಗಿತಾ? ಉಸಿರು ಸರಿಯಾಯಿತಾ? ಆಮೇಲೆ ಇನ್ನೊಂದು. ಮಗುವಿನಂತೆ ಅಂಗಾತ ಹಿಡಿದು ಕುಡಿಸುವ ವಿಡಿಯೋಗಳನ್ನು ನಂಬಬೇಡಿ, ಶ್ವಾಸಕೋಶಕ್ಕೆ ಹೋದರೆ ಮುಗಿಯಿತು. ಹೊಳ್ಳೆ ಅಗಲವಾಗಿ ಪಕ್ಕೆ ಜೋರಾಗಿ ಹೊಡೆದುಕೊಳ್ಳುತ್ತಿದ್ದರೆ ತಿನ್ನಿಸುವುದನ್ನೇ ನಿಲ್ಲಿಸಿ, ಮೊದಲು ಆಮ್ಲಜನಕ ಬೇಕು, ಊಟ ಆಮೇಲೆ. ಹಾಗೆಯೇ, ಸ್ಕ್ಯಾನಿಂಗ್‌ಗೋ ಅರಿವಳಿಕೆಗೋ ಹೋಗುವ ಮುಂಚೆ ರಾತ್ರಿಯಿಡೀ ಉಪವಾಸ ಇಡಿ ಎಂದು ಯಾರಾದರೂ ಹೇಳಿದರೆ ಮತ್ತೊಮ್ಮೆ ಕೇಳಿ. ಆ ನಿಯಮ ವಾಂತಿ ಮಾಡುವ ನಾಯಿ ಬೆಕ್ಕುಗಳದ್ದು.

ಬಿಸಿಲು, ನೆಲ, ಕೈ

ಸಾಕುಮೊಲದ ಮೂಲ ಯುರೋಪಿನ ಕಾಡುಮೊಲ. ನೆಲದೊಳಗೆ ಬಿಲ ತೋಡಿ ತಂಪಾಗಿ ಬದುಕುತ್ತಿದ್ದ ಜಾತಿ. ನಮ್ಮ ಹೊಲಗಳಲ್ಲಿ ಛಂಗನೆ ನೆಗೆಯುವ ಕಾಡುಮೊಲ ಬೇರೆಯೇ ಪ್ರಾಣಿ, ಅದು ಬಿಸಿಲಿಗೆ ಒಗ್ಗಿದ್ದು. ಸಾಕುಮೊಲಕ್ಕೆ ಬೆವರುವ ವ್ಯವಸ್ಥೆ ಇಲ್ಲವೆಂದೇ ಹೇಳಬೇಕು, ನಾಯಿಯಂತೆ ಏದುಸಿರು ಬಿಟ್ಟು ತಣ್ಣಗಾಗಲೂ ಬರುವುದಿಲ್ಲ. ಕಿವಿಯೇ ಅದರ ರೇಡಿಯೇಟರ್. ಉಷ್ಣತೆ 28 ಡಿಗ್ರಿ ದಾಟಿದರೆ ಉಸಿರು ವೇಗವಾಗುತ್ತದೆ, ಎದೆಯಲ್ಲಿ ಗಡ್ಡೆ ಇರುವ ಮೊಲಕ್ಕೆ ಆ ವೇಗ ಕೈಗೆಟುಕದ ಐಷಾರಾಮ. ಕಲಬುರಗಿ, ರಾಯಚೂರಿನವರ ಬೇಸಿಗೆ 40 ದಾಟುತ್ತದೆ. ಬೆಂಗಳೂರಿನಲ್ಲೂ 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿತ್ತು.

ನೆಲದ ಮಟ್ಟದಲ್ಲಿ ಮೊಲ ಕೂರುವ ಕಡೆ ಒಂದು ಥರ್ಮಾಮೀಟರ್ ಇಡಿ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಹಳೇ ಪಂಚೆಯಲ್ಲಿ ಸುತ್ತಿ ಪಕ್ಕಕ್ಕೆ ಇಡಿ. ಮಲಗಲು ತಂಪಾದ ಕಡಪ ಕಲ್ಲು ಅಥವಾ ಹೆಂಚು. ಕಿವಿಯನ್ನು ಒದ್ದೆ ಕೈಯಿಂದ ಸವರಿ. ಫ್ಯಾನ್ ಇರಲಿ, ನೇರ ಮುಖಕ್ಕೆ ಬೇಡ. ಸ್ನಾನ ಮಾಡಿಸಬೇಡಿ, ಆ ಗಾಬರಿಯೇ ಸಾಕು ಉಸಿರು ಕಟ್ಟಲು. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆ ಕಾಯಿಲ್, ಒಗ್ಗರಣೆಯ ಘಾಟು ಇವುಗಳಿಂದ ದೂರದ ಕೋಣೆ ಕೊಡಿ. ನಮ್ಮ ಮನೆಯಲ್ಲಿ ಮೆಣಸಿನಕಾಯಿ ಹುರಿಯುವ ದಿನ ಗುಂಡನಿಗೆ ಮಹಡಿ ರೂಮು.

ಕಾಲು ಜಾರುವ ಟೈಲ್ಸ್ ಮೇಲೆ ಚಾಪೆ ಅಥವಾ ಜಮಖಾನ ಹಾಸಿ. ಮುದಿ ಮೊಲಕ್ಕೆ ಗಂಟುನೋವು ಸಾಮಾನ್ಯ, ಜಾರಿದರೆ ಏಳಲು ಪಡುವ ಪಾಡಿಗೇ ಉಸಿರು ಹೋಗುತ್ತದೆ. ಮೂತ್ರದ ಟ್ರೇಯ ಒಂದು ಬದಿ ತಗ್ಗಿರಲಿ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಹಿಂಭಾಗ ಒದ್ದೆಯಾಗುತ್ತಲೇ ಇರುತ್ತದೆ. ದಿನಕ್ಕೆ ಎರಡು ಸಲ ಒರೆಸಿ ಒಣಗಿಸಿ, ಬಾಲದ ಕೆಳಗೆ ನೋಡಿ. ಮಳೆಗಾಲದಲ್ಲಿ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳುವಾಗುತ್ತದೆ.

ಎತ್ತಿಕೊಳ್ಳುವುದನ್ನು ಕಡಿಮೆ ಮಾಡಿ. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ ಒತ್ತದಂತೆ, ಇನ್ನೊಂದು ಹಿಂಭಾಗಕ್ಕೆ ಪೂರ್ತಿ ಆಸರೆಯಾಗಿ. ಕಿವಿ ಹಿಡಿದು ಎತ್ತುವುದು ಯಾವ ಮೊಲಕ್ಕೂ ಸಲ್ಲದು. ಮಾತ್ರೆಯನ್ನೂ ನೆಲದ ಮೇಲೆ ಪಕ್ಕದಲ್ಲಿ ಕೂತು ಕೊಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಡಾಕ್ಟರ ಬಳಿ ಹೋಗುವುದಿದ್ದರೆ ಬಿಸಿಲೇರುವ ಮುಂಚೆ ಹೊರಡಿ. ಬುಟ್ಟಿಯ ಮೇಲೆ ಗಾಳಿಯಾಡುವಂತೆ ಬಟ್ಟೆ ಹೊದಿಸಿ, ನಾಯಿಗಳ ನಡುವೆ ಕಾಯದೆ ಹೊರಗೆ ಆಟೊದಲ್ಲೋ ಕಾರಿನಲ್ಲೋ ನೆರಳಲ್ಲಿ ಕೂತು ಸರದಿ ಬಂದಾಗ ಒಳಗೆ ಹೋಗಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಜನ್ ಯಂತ್ರ ಮನೆಯಲ್ಲಿದ್ದರೆ ಡಾಕ್ಟರಿಗೆ ತಿಳಿಸಿ. ಗಾಳಿ ಹೊರಹೋಗಲು ತೂತಿರುವ ಪಾರದರ್ಶಕ ಡಬ್ಬಿಗೆ ಅದರ ಕೊಳವೆ ಬಿಟ್ಟು ಮೊಲವನ್ನು ಕೂರಿಸುವುದು ಹೇಗೆಂದು ಅವರು ತೋರಿಸುತ್ತಾರೆ. ಡಬ್ಬಿಯೊಳಗೆ ಸೆಕೆ ಏರದಂತೆ ನೋಡಬೇಕು, ಅಷ್ಟೇ.

ಸಾಕು ಎನ್ನುವ ದಿನ

ಮೊಲ ಬೇಟೆಗೆ ಸಿಗುವ ಪ್ರಾಣಿ. ನೋವನ್ನು ತೋರಿಸಿದರೆ ನರಿ ಬರುತ್ತದೆ ಎನ್ನುವುದು ಅದರ ರಕ್ತದಲ್ಲೇ ಇದೆ. ಹಾಗಾಗಿ ಅದು ಕೂಗುತ್ತದೆ ಎಂದು ಕಾಯುವಂತಿಲ್ಲ, ಮುಖ ಓದಬೇಕು. ಮೊಲದ ಮುಖದಲ್ಲಿ ನೋವನ್ನು ಅಳೆಯುವ ಒಂದು ಪಟ್ಟಿಯನ್ನು ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಅದರಲ್ಲಿ ನೋಡುವುದು ಐದು: ಕಣ್ಣು ಕಿರಿದಾಗುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗು ಚೂಪಾಗುವುದು, ಮೀಸೆ ಬಿಗಿಯಾಗುವುದು, ಕಿವಿ ಮಡಿಸಿ ಹಿಂದಕ್ಕೆ ಹೋಗುವುದು. ಥೈಮೋಮದಲ್ಲಿ ಕಣ್ಣು ಉಬ್ಬಿರುವುದರಿಂದ ಕಣ್ಣಿನ ಲೆಕ್ಕ ತಪ್ಪಬಹುದು, ಉಳಿದ ನಾಲ್ಕನ್ನು ನೋಡಿ.

ನಾವು ನೋಟ್‌ಬುಕ್ಕಿನಲ್ಲಿ ಇನ್ನೊಂದು ಅಂಕಣ ಮಾಡಿಕೊಂಡೆವು. ಗುಂಡ ಬದುಕಿನಲ್ಲಿ ಇಷ್ಟಪಡುವ ನಾಲ್ಕು ವಿಷಯ: ಬೆಳಗಿನ ಕೊತ್ತಂಬರಿ, ಬಾಲ್ಕನಿಯ ಎಳೆ ಬಿಸಿಲು, ಪುಟ್ಟಿಯ ಕಿವಿ ನೆಕ್ಕುವುದು, ನನ್ನ ಚಪ್ಪಲಿ ಕಡಿಯುವುದು. ಪುಟ್ಟಿ ಅದರ ಜೊತೆಗಾತಿ. ನಾಲ್ಕರಲ್ಲಿ ಎಷ್ಟು ಮಾಡಿತು ಎಂದು ದಿನಾ ಬರೆದೆವು. ಐದು ತಿಂಗಳು ಮೂರೋ ನಾಲ್ಕೋ ಇರುತ್ತಿತ್ತು. ಆಮೇಲೆ ಎರಡು. ಉಸಿರಿನ ಅಂಕಿ ಕೂತಲ್ಲೇ ತೊಂಬತ್ತು ದಾಟಿ, ನಾಲ್ಕರ ಅಂಕಣದಲ್ಲಿ ಮೂರು ದಿನ ಸೊನ್ನೆ ಬಂದಾಗ ನಾವು ಡಾಕ್ಟರಿಗೆ ಫೋನ್ ಮಾಡಿದೆವು. ಉಸಿರು ಕಟ್ಟಿ ತಾನಾಗಿ ಹೋಗಲಿ ಎಂದು ಬಿಡುವುದು ಸಹಜ ಸಾವು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಉಸಿರು ಸಿಗದಿರುವ ಗಾಬರಿ ಇದೆಯಲ್ಲ, ಅದು ನೋವಿಗಿಂತ ಕೆಟ್ಟದ್ದು.

ನೆಮ್ಮದಿಯ ಸಾವು ಕೊಡಿಸುವುದಾದರೆ ಮೊದಲು ನಿದ್ದೆ ಬರುವ ಇಂಜೆಕ್ಷನ್ ಕೊಟ್ಟು, ಪೂರ್ತಿ ಮಂಪರಾದ ಮೇಲೆ ಕೊನೆಯದನ್ನು ಕೊಡಲು ಕೇಳಿ. ಡಾಕ್ಟರು ಮನೆಗೆ ಬರುವಂತಿದ್ದರೆ ಇನ್ನೂ ಒಳ್ಳೆಯದು, ಪ್ರಯಾಣದ ಏದುಸಿರು ತಪ್ಪುತ್ತದೆ.

ಜೊತೆ ಮೊಲ ಇದ್ದರೆ ದೇಹವನ್ನು ಸ್ವಲ್ಪ ಹೊತ್ತು ಅದರ ಹತ್ತಿರ ಬಿಡಿ. ಕೆಲವು ಮೂಸಿ ನೋಡಿ ಪಕ್ಕದಲ್ಲೇ ಮಲಗುತ್ತವೆ, ಕೆಲವು ಒದೆಯುತ್ತವೆ, ಕೆಲವು ತಿರುಗಿಯೂ ನೋಡುವುದಿಲ್ಲ. ಪುಟ್ಟಿ ಅರ್ಧ ಗಂಟೆ ಕಿವಿ ನೆಕ್ಕಿ, ಎದ್ದು ಹೋಗಿ ಹುಲ್ಲಿನ ಬುಟ್ಟಿಯ ಹಿಂದೆ ಕೂತಳು. ಮಾರನೇ ದಿನ ಸೊಪ್ಪು ಮುಟ್ಟಲಿಲ್ಲ. ಜೊತೆಗಾರ ಹೋದ ಮೊಲ ಊಟ ಬಿಡುವುದು ಉಂಟು, ಊಟ ಬಿಟ್ಟರೆ ಅದರ ಕರುಳೂ ನಿಲ್ಲುತ್ತದೆ. ನೋಟ್‌ಬುಕ್ಕನ್ನು ಆಗಲೇ ಎತ್ತಿಡಬೇಡಿ. ಉಳಿದ ಮೊಲದ ಹಿಕ್ಕೆಯನ್ನು ಇನ್ನೊಂದು ವಾರವಾದರೂ ಎಣಿಸಿ.